ಹ್ಮಾಂಗ್ ಮನೆ ಊಟ, ಮಾವನ ಶುಗರ್ರು, ಗೌಟು: ಸೇಂಟ್ ಪಾಲ್‌ನ ಓದುಗರಿಗೆ ಉತ್ತರ

ಪ್ರಶ್ನೆ: ನಾನು ಹಾಸನದವಳು, ಈಗ ಮಿನ್ನೆಸೋಟಾದ ಸೇಂಟ್ ಪಾಲ್‌ನಲ್ಲಿದೀನಿ. ನನ್ನ ಗಂಡ ಹ್ಮಾಂಗ್, ಅಂದ್ರೆ ಲಾವೋಸ್ ಬೆಟ್ಟಗಳ ಕಡೆಯಿಂದ ಬಂದ ಜನಾಂಗದೋರು, ಅತ್ತೆ ಮಾವ ನಮ್ಮ ಜೊತೇಲೇ ಇದಾರೆ. ಅತ್ತೆಗೆ ಮಂಡಿ ನೋವು ಜಾಸ್ತಿಯಾಗಿ ನಿಂತು ಅಡುಗೆ ಮಾಡಕ್ಕಾಗ್ತಿಲ್ಲ, ಹಂಗಾಗಿ ಅಡುಗೆಮನೆ ನನ್ನ ಕೈಗೆ ಬಂದಿದೆ. ಮಾವಂಗೆ ಶುಗರ್, ಬಿಪಿ ಎರಡೂ ಇದೆ, ಈಗ ಗೌಟ್ (ಯೂರಿಕ್ ಆಸಿಡ್ ಜಾಸ್ತಿಯಾಗಿ ಕೀಲು ಊದಿ ನೋಯೋ ಕಾಯಿಲೆ) ಬೇರೆ ಶುರುವಾಗಿದೆ. ಕ್ಲಿನಿಕ್ಕಲ್ಲಿ ಕೊಟ್ಟ ಶೀಟಲ್ಲಿ ಓಟ್ಸ್, ಸಲಾಡ್, ಬ್ರೌನ್ ರೈಸ್ ಅಂತಿದೆ, ಅವರು ಒಂದು ತುತ್ತೂ ಮುಟ್ಟಲ್ಲ. ಅವರ ಊಟಾನೇ ಆರೋಗ್ಯವಾಗಿ ಮಾಡೋದು ಹೇಗೆ? ಇನ್ನೊಂದು ವಿಷಯ, ನಾನು ಕೋಳಿ, ಮೊಟ್ಟೆ ಎರಡೂ ತಿಂತೀನಿ, ಹಂದಿ ದನ ತಿನ್ನಲ್ಲ.

ಉತ್ತರ: ಆ ಶೀಟನ್ನ ಸದ್ಯಕ್ಕೆ ಮಡಚಿ ಡ್ರಾಯರಲ್ಲಿಡಿ. ಅದರಲ್ಲಿ ಬರೆದಿರೋದು ತಪ್ಪು ಅಂತಲ್ಲ, ತಿನ್ನದೇ ಇರೋ ಊಟದಿಂದ ಯಾರಿಗೂ ಶುಗರ್ ಇಳಿಯಲ್ಲ ಅಷ್ಟೇ. ನಾನು ಡಯಟಿಷಿಯನ್ ಆಗಿ ನಿಮ್ಮೂರ ಕಡೆ ಹ್ಮಾಂಗ್ ಕುಟುಂಬಗಳ ಜೊತೆ ಕೆಲಸ ಮಾಡಿದೀನಿ, ಅಲ್ಲಿ ಕಲಿತಿದ್ದು ಏನಪ್ಪಾ ಅಂದ್ರೆ ಇವರ ಊಟಾನ ಹೊಸದಾಗಿ "ಹೆಲ್ತಿ" ಮಾಡೋ ಅವಶ್ಯಕತೆ ಕಮ್ಮಿ, ಯಾಕಂದ್ರೆ ದಿನನಿತ್ಯದ ಎಷ್ಟೋ ಹ್ಮಾಂಗ್ ಅಡುಗೆಗಳಿಗೆ ಎಣ್ಣೇನೇ ಬೇಕಾಗಲ್ಲ, ಬೇಯಿಸಿದ ಸೊಪ್ಪು, ಬೇಯಿಸಿದ ಮಾಂಸ, ಅನ್ನ, ಪಕ್ಕದಲ್ಲಿ ಒಂದು ಬಟ್ಟಲು ಖಾರ, ಮುಗೀತು. ಕೆಟ್ಟಿರೋದು ಏನಂದ್ರೆ ಹಬ್ಬದ ಊಟ ದಿನದ ಊಟ ಆಗಿರೋದು.

ಸ್ವಲ್ಪ ಹಿನ್ನೆಲೆ ಹೇಳಿದ್ರೆ ಮಾವನ ಜೊತೆ ಮಾತಾಡಕ್ಕೂ ಅನುಕೂಲ ಆಗತ್ತೆ. ನಿಮ್ಮ ಮಾವನ ವಯಸ್ಸಿನವರು ಹೆಚ್ಚಿನವರು ಲಾವೋಸ್‌ನ ಬೆಟ್ಟದ ಹಳ್ಳಿಗಳಲ್ಲಿ ಹುಟ್ಟಿದೋರು, 1975ರಲ್ಲಿ ಅಲ್ಲಿ ಕಮ್ಯುನಿಸ್ಟ್ ಸರ್ಕಾರ ಬಂದ್ಮೇಲೆ ಮೆಕಾಂಗ್ ನದಿ ದಾಟಿ ಥಾಯ್ಲೆಂಡಿನ ಬಾನ್ ವಿನಾಯ್ ಥರದ ಕ್ಯಾಂಪುಗಳಲ್ಲಿ ವರ್ಷಗಟ್ಟಲೆ ಇದ್ದು ಆಮೇಲೆ ಅಮೆರಿಕಕ್ಕೆ ಬಂದೋರು. ಬೆಟ್ಟದಲ್ಲಿದ್ದಾಗ ಅನ್ನ ಚೆನ್ನಾಗೇ ತಿಂತಿದ್ರು, ಆದ್ರೆ ಇಳಿಜಾರಿನ ಹೊಲದಲ್ಲಿ ದಿನವಿಡೀ ಕೆಲಸ ಇರ್ತಿತ್ತು, ಹಂದಿ ಕಡಿಯೋದು ಹೊಸ ವರ್ಷಕ್ಕೋ ಮದುವೆಗೋ ಆತ್ಮ ಕರೆಯೋ ಶಾಸ್ತ್ರಕ್ಕೋ ಅಷ್ಟೇ. ಇಲ್ಲಿ ಹಂದಿ ಮಾಂಸ ಪ್ರತಿ ವಾರ ಫ್ರಿಜ್ಜಲ್ಲಿರತ್ತೆ, ಕೋಲಾ ಥರದ ಸಿಹಿ ಸೋಡಾ ಇರತ್ತೆ, ಕೆಲಸ ಕೂತಲ್ಲೇ ಆಗತ್ತೆ, ಆದ್ರೆ ಅನ್ನದ ರಾಶಿ ಮಾತ್ರ ಹೊಲಕ್ಕೆ ಹೋಗೋ ಕಾಲದ್ದೇ. ಅದರ ಮೇಲೆ ಮಿನ್ನೆಸೋಟಾದ ಹ್ಮಾಂಗ್ ಜನರಲ್ಲಿ ಗೌಟ್ ಬೇರೆಯವರಿಗಿಂತ ಜಾಸ್ತಿ ಅಂತ ಅಲ್ಲಿನ ಸಂಶೋಧನೆಗಳೇ ತೋರಿಸಿವೆ, ಅದರಲ್ಲಿ ವಂಶವಾಹಿಯ ಪಾಲೂ ಇದೆ, ಹಂಗಾಗಿ ಎಲ್ಲಾ ತಪ್ಪು ಮಾವನ ನಾಲಿಗೇದು ಅಂತ ಹೇಳಕ್ಕೆ ಹೋಗ್ಬೇಡಿ.

ಮೊದಲು ಸೊಪ್ಪು. ಝೌ ಚುವಾ ಅಂತ ಅತ್ತೆ ಮಾಡಿರ್ತಾರೆ ನೋಡಿ, ಉಪ್ಪು ಎಣ್ಣೆ ಏನೂ ಹಾಕದೆ ನೀರಲ್ಲಿ ಬೇಯಿಸಿದ ಸೊಪ್ಪು, ಅದರ ನೀರೂ ಬಟ್ಟಲಿಗೆ ಹಾಕ್ಕೊಂಡು ಕುಡಿಯೋದು. ಹೊರಗಿನೋರಿಗೆ ಇದು ಸಪ್ಪೆ, ಆಸ್ಪತ್ರೆ ಊಟ ಅನ್ಸತ್ತೆ. ಹಾಸನದವರಾದ ನಿಮಗೆ ಹಂಗೆ ಅನ್ನಿಸಬಾರದು, ಬಸ್ಸಾರಿಗೆ ಸೊಪ್ಪು ಬಸಿದಾಗ ಆ ಕಟ್ಟಿಗೆ ಒಂದು ಸಿಹಿ ಇರತ್ತಲ್ಲ, ಅದೇ ರುಚಿ, ಇವರು ಅದಕ್ಕೆ ಒಗ್ಗರಣೆ ಖಾರ ಸೇರಿಸದೆ ಹಾಗೇ ಕುಡೀತಾರೆ, ಖಾರ ಬೇರೆ ಬಟ್ಟಲಲ್ಲಿ. ಸಾಸಿವೆ ಸೊಪ್ಪಾದ್ರೆ ನೀರು ಮರಳಿದ ಮೇಲೆ ದಂಟು ಮೊದಲು ಹಾಕಿ, ಒಂದೆರಡು ನಿಮಿಷ ಬಿಟ್ಟು ಎಲೆ, ಮುಚ್ಚಳ ಮುಚ್ಬೇಡಿ, ಮುಚ್ಚಿದ್ರೆ ಹಸಿರು ಹೋಗಿ ಮಂಕು ಬಣ್ಣಕ್ಕೆ ತಿರುಗತ್ತೆ. ಕುಂಬಳದ ಕುಡಿ ಹಾಕೋದಾದ್ರೆ ದಂಟಿನ ಮೇಲಿನ ನಾರು ಎಳೆದು ತೆಗೀಬೇಕು, ತುದಿ ಮುರಿದು ಕೆಳಗೆ ಜಗ್ಗಿದ್ರೆ ದಾರದ ಥರ ಉದ್ದಕ್ಕೆ ಬರತ್ತೆ. ಸಿಹಿಕುಂಬಳದ ಹೋಳೂ ಹೀಗೇ ಬೇಯಿಸ್ತಾರೆ, ಅದು ಮಾತ್ರ ಪಿಷ್ಟದ ಲೆಕ್ಕ, ಅದು ತಿಂದ ದಿನ ಅನ್ನ ಅಷ್ಟು ಕಮ್ಮಿ. ಮಾವನ ತಟ್ಟೆಯ ಅರ್ಧ ಭಾಗ ಈ ಸೊಪ್ಪು ಇರ್ಲಿ, ದಿನಕ್ಕೆ ಎರಡು ಹೊತ್ತು. ಸಲಾಡ್ ಯಾಕೆ ಬೇಕು ಹೇಳಿ ಇದು ಇರುವಾಗ!

ಒಂದು ಎಚ್ಚರಿಕೆ, ಅವರು ವಾರ್ಫರಿನ್ ಅನ್ನೋ ರಕ್ತ ತೆಳು ಮಾಡೋ ಮಾತ್ರೆ ತಗೋತಿದ್ರೆ ಸೊಪ್ಪು ದಿಢೀರ್ ಜಾಸ್ತಿ ಮಾಡ್ಬೇಡಿ, ಸಾಸಿವೆ ಸೊಪ್ಪಲ್ಲಿ ವಿಟಮಿನ್ ಕೆ ತುಂಬಾ ಇದೆ, ಮಾತ್ರೆ ಕೆಲಸ ಮಾಡೋದು ಏರುಪೇರಾಗತ್ತೆ. ಡಾಕ್ಟರ್‌ಗೆ ಹೇಳಿ, ದಿನಾ ಹೆಚ್ಚುಕಮ್ಮಿ ಒಂದೇ ಅಳತೆ ತಿನ್ನೋ ಹಾಗೆ ಮಾಡಿ. ಕಿಡ್ನಿ ತೊಂದರೆ ಇದ್ರೂ ಸೊಪ್ಪಿನ ಪೊಟ್ಯಾಸಿಯಂ ಬಗ್ಗೆ ಕೇಳ್ಕೊಳ್ಳಿ.

ಇನ್ನು ಗೌಟ್. ಇಲ್ಲೇ ಎಲ್ಲರೂ ಎಡವೋದು, ಸ್ವಲ್ಪ ಉದ್ದಕ್ಕೆ ಹೇಳ್ತೀನಿ. ಬೇಯಿಸಿದ ಹಂದಿ ಮಾಂಸ ಸಾಸಿವೆ ಸೊಪ್ಪು ಒಟ್ಟಿಗೆ ಹಾಕಿದ ಸಾರು ಹ್ಮಾಂಗ್ ಮನೆಗಳ ಅತಿ ಪರಿಚಿತ ಅಡುಗೆ, ನೋಡಕ್ಕೆ ತುಂಬಾ ಆರೋಗ್ಯಕರ, ಕರಿದಿಲ್ಲ, ಮಸಾಲೆ ಇಲ್ಲ. ಆದ್ರೆ ಗೌಟ್ ತರೋ ಯೂರಿಕ್ ಆಸಿಡ್ ಹುಟ್ಟೋದು ಪ್ಯೂರಿನ್ ಅನ್ನೋ ಅಂಶದಿಂದ, ಮಾಂಸ ಬೆಂದಾಗ ಅದರ ಒಂದು ಭಾಗ ನೀರಿಗೆ ಇಳಿಯತ್ತೆ, ಅಂದ್ರೆ ಮಾಂಸ ಕಮ್ಮಿ ತಿಂದು ಸಾರು ಎರಡು ಬಟ್ಟಲು ಕುಡಿದ್ರೆ ಏನು ಉಳಿಸಿದಂಗಾಯ್ತು? ಮೂಳೆ ಹಾಕಿ ಗಂಟೆಗಟ್ಟಲೆ ಕುದಿಸಿದ್ರೆ ಇನ್ನೂ ಜಾಸ್ತಿ. ಅದಕ್ಕೆ ಮಾವನಿಗೋಸ್ಕರ ಹೀಗೆ ಮಾಡಿ: ಹೊಟ್ಟೆಭಾಗದ ಕೊಬ್ಬಿನ ಮಾಂಸ ಬಿಟ್ಟು ಭುಜದ ಭಾಗ ತರಿಸಿ, ಕಾಣೋ ಕೊಬ್ಬು ಕತ್ತರಿಸಿ ತೆಗೀರಿ, ಮಾಂಸ ಮುಳುಗೋಷ್ಟು ನೀರಲ್ಲಿ ಐದಾರು ನಿಮಿಷ ಕುದಿಸಿ ಆ ನೀರು ನೊರೆ ಸಮೇತ ಚೆಲ್ಲಿ. ಹೊಸ ನೀರು ಹಾಕಿ, ಮಜ್ಜಿಗೆ ಹುಲ್ಲು ಜಜ್ಜಿ ಗಂಟು ಕಟ್ಟಿ ಹಾಕಿ, ಶುಂಠಿ ಎರಡು ಚೂರು, ಮೆತ್ತಗಾಗೋವರೆಗೆ ಬೇಯಿಸಿ. ಹಿಂದಿನ ದಿನಾನೇ ಮಾಡಿ ಫ್ರಿಜ್ಜಲ್ಲಿಟ್ರೆ ಮೇಲೆ ಬಿಳಿ ಕೊಬ್ಬು ಗಟ್ಟಿಯಾಗಿ ಕೂತಿರತ್ತೆ, ಚಮಚದಲ್ಲಿ ಎತ್ತಿ ಬಿಸಾಕಿ. ಮಾವನ ಸೊಪ್ಪನ್ನ ಬೇರೆ ಪಾತ್ರೇಲಿ ಬರೀ ನೀರಲ್ಲಿ ಬೇಯಿಸಿ, ಮಾಂಸದ ಮೂರು ನಾಲ್ಕು ಚೂರು ಅದಕ್ಕೆ ಎತ್ತಿ ಹಾಕಿ, ಕುಡಿಯಕ್ಕೆ ಸೊಪ್ಪಿನ ನೀರು ಕೊಡಿ. ಬಟ್ಟಲು ಅದೇ, ಬಿಸಿ ಅದೇ, ಮಜ್ಜಿಗೆ ಹುಲ್ಲಿನ ವಾಸನೇನೂ ಬೇಕಂದ್ರೆ ಒಂದು ಕಡ್ಡಿ ಅದರಲ್ಲೂ ಹಾಕಿ. ಸಾರು ಮನೇಲಿ ಮಿಕ್ಕವರು ಕುಡೀಲಿ.

ಲಿವರ್, ಕಿಡ್ನಿ, ಬೋಟಿ, ರಕ್ತ ಹಾಕಿ ಮಾಡೋ ಐಟಂಗಳು ಅವರಿಗೆ ಬೇಡ. ಬಿಯರ್ ಅಂತೂ ಬೇಡವೇ ಬೇಡ, ಗೌಟ್ ಇದ್ದೋರಿಗೆ ಬೇರೆಲ್ಲಾ ಡ್ರಿಂಕ್ಸ್‌ಗಿಂತ ಕೆಟ್ಟದ್ದು ಅದೇ. ಸೋಡಾದಲ್ಲಿರೋ ಫ್ರಕ್ಟೋಸ್ ಸಹ ಯೂರಿಕ್ ಆಸಿಡ್ ಏರಿಸತ್ತೆ, ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಇನ್ನೊಂದು, ಊರಿಂದ ನಿಮ್ಮಮ್ಮನೋ ದೊಡ್ಡಮ್ಮನೋ ಫೋನಲ್ಲಿ "ಯೂರಿಕ್ ಆಸಿಡ್ಡಾ, ಹಾಗಾದ್ರೆ ಬೇಳೆ, ಸೊಪ್ಪು, ಸೋಯಾ ಎಲ್ಲಾ ಬಿಡಿಸು" ಅಂತ ಹೇಳಿಯೇ ಹೇಳ್ತಾರೆ, ನಮ್ಮ ಕಡೆ ಡಾಕ್ಟರ್‌ಗಳೂ ಈಗ್ಲೂ ಹೇಳೋದುಂಟು. ತರಕಾರಿ, ಕಾಳು, ತೋಫುಗಳ ಪ್ಯೂರಿನ್‌ನಿಂದ ಗೌಟ್ ಜಾಸ್ತಿಯಾಗತ್ತೆ ಅನ್ನೋದಕ್ಕೆ ಆಧಾರ ಇಲ್ಲ, ಮಾಂಸ, ಸೀಗಡಿ, ಮೀನಿನದ್ದೇ ನಿಜವಾದ ಲೆಕ್ಕ. ಹಾಗೇ ಊಟದಿಂದ ಯೂರಿಕ್ ಆಸಿಡ್ ಇಳಿಯೋದು ಸ್ವಲ್ಪಾನೇ, ಪದೇ ಪದೇ ನೋವು ಬರೋರಿಗೆ ರಕ್ತದಲ್ಲಿ ಡೆಸಿಲೀಟರಿಗೆ 6 ಮಿಲಿಗ್ರಾಂ ಒಳಗೆ ತರಬೇಕು ಅಂತ ಡಾಕ್ಟರ್‌ಗಳು ನೋಡ್ತಾರೆ, ಅದಕ್ಕೆ ಮಾತ್ರೆ ಬೇಕಾಗಬಹುದು. ಬಿಪಿ ಮಾತ್ರೆ ಯಾವುದು ಅಂತಾನೂ ಒಂದ್ಸಲ ನೋಡಿ, ಹೈಡ್ರೋಕ್ಲೋರೋಥಯಾಜೈಡ್ ಅಂತಿದ್ರೆ ಅದೂ ಯೂರಿಕ್ ಆಸಿಡ್ ಏರಿಸೋ ಮಾತ್ರೆ, ನೀವೇ ನಿಲ್ಲಿಸ್ಬೇಡಿ, ಬದಲಿ ಇದೆಯಾ ಅಂತ ಕೇಳಿ.

ಬಿಪಿಗೆ ಬರೋಣ, ಅಂದ್ರೆ ಖಾರದ ಬಟ್ಟಲಿಗೆ. ಕುವಾ ತ್ಸೊ, ಆ ಹಸಿಮೆಣಸಿನ ಖಾರ ಇಲ್ದೆ ಹ್ಮಾಂಗ್ ಊಟ ಇಲ್ಲ. ಸೊಪ್ಪಿಗೆ ಉಪ್ಪು ಹಾಕಲ್ಲ, ಸರಿ, ಆದ್ರೆ ಈ ಬಟ್ಟಲಲ್ಲಿ ಫಿಶ್ ಸಾಸ್ ಸುರೀತಾರೆ, ಒಂದು ಟೇಬಲ್ ಚಮಚ ಫಿಶ್ ಸಾಸಲ್ಲಿ ಸುಮಾರು 1400 ಮಿಲಿಗ್ರಾಂ ಸೋಡಿಯಂ, ಅಮೆರಿಕದಲ್ಲಿ ಇಡೀ ದಿನಕ್ಕೆ ಹೇಳೋ ಮಿತಿ 2300. ಹಂಗಾಗಿ ಬಟ್ಟಲು ತೆಗೀಬೇಡಿ, ಒಳಗಿರೋದನ್ನ ಬದಲಾಯಿಸಿ. ಟೊಮೇಟೊ ಎರಡು ಗ್ಯಾಸ್ ಉರಿ ಮೇಲೋ ಓವನ್‌ನ ಬ್ರಾಯ್ಲರಲ್ಲೋ ಸಿಪ್ಪೆ ಕರಕಲಾಗೋ ತನಕ ಸುಡಿ. ಕುಟ್ಟಾಣೀಲಿ ಹಸಿಮೆಣಸು, ಒಂದು ಎಸಳು ಬೆಳ್ಳುಳ್ಳಿ, ಒಂದೇ ಒಂದು ಚಿಟಿಕೆ ಉಪ್ಪು ಹಾಕಿ ಮೊದಲು ಕುಟ್ಟಿ, ಉಪ್ಪಿನ ಹರಳು ಮೆಣಸನ್ನ ಅರೆಯಕ್ಕೆ ಸಹಾಯ ಮಾಡತ್ತೆ. ಆಮೇಲೆ ಸುಟ್ಟ ಟೊಮೇಟೊ ಸಿಪ್ಪೆ ತೆಗೆದು ಹಾಕಿ ಮೆಲ್ಲಗೆ ಜಜ್ಜಿ, ಕೊತ್ತಂಬರಿ ಸೊಪ್ಪು, ಈರುಳ್ಳಿ ಸೊಪ್ಪು ಸಣ್ಣಗೆ ಹೆಚ್ಚಿ ಧಾರಾಳವಾಗಿ, ಒಂದು ದೊಡ್ಡ ನಿಂಬೆಹಣ್ಣಿನ ರಸ, ಕೊನೇಗೆ ಫಿಶ್ ಸಾಸ್ ಒಂದು ಟೀ ಚಮಚ ಅಳತೆ ಮಾಡಿ. ಬಾಟಲಿಂದ ನೇರ ಸುರೀಬೇಡಿ, ಕೈ ಎಲ್ಲಿ ನಿಲ್ಲತ್ತೆ ಹೇಳಕ್ಕಾಗಲ್ಲ. ಹುಳಿ, ಸುಟ್ಟ ವಾಸನೆ ಚೆನ್ನಾಗಿದ್ರೆ ಉಪ್ಪು ಕಮ್ಮಿ ಅಂತ ಗೊತ್ತಾಗಲ್ಲ. ಟೊಮೇಟೊ ಸುಟ್ಟು ಹಾಕೋದು ನನ್ನ ಕಂಡುಹಿಡಿತ ಅಲ್ಲ, ಹ್ಮಾಂಗ್ ಮನೆಗಳಲ್ಲೇ ಮಾಡ್ತಾರೆ, ಹಂಗಾಗಿ ಮಾವ "ಇದೇನಿದು" ಅಂತ ಕೇಳಲ್ಲ.

ಅಜಿನೊಮೊಟೊ ಬಗ್ಗೆ ನೀವು ಕೇಳಿಲ್ಲ, ಆದ್ರೆ ಅತ್ತೆ ಅಡುಗೆಮನೇಲಿ ಅದರ ಪ್ಯಾಕೆಟ್ ನೋಡಿ ಗಾಬರಿಯಾಗಿರ್ತೀರ. ನಮ್ಮೋರು ಅದನ್ನ ವಿಷದ ಥರ ನೋಡ್ತಾರೆ, ಪಕ್ಕದಲ್ಲೇ ಉಪ್ಪಿನಕಾಯಿ ಭರಣಿ ಖಾಲಿ ಮಾಡ್ತಾರೆ. ಉಪ್ಪಲ್ಲಿ ನೂರಕ್ಕೆ 39 ಭಾಗ ಸೋಡಿಯಂ, ಅಜಿನೊಮೊಟೊದಲ್ಲಿ 12. ಒಂದು ಚಿಟಿಕೆ ಹಾಕಿ ಅದರ ಬದಲು ಉಪ್ಪು ಇಳಿಸಿದ್ರೆ ಲಾಭಾನೇ, ಎರಡೂ ಸುರಿದ್ರೆ ಮಾತ್ರ ನಷ್ಟ. ಚಿಕನ್ ಪೌಡರ್, ಬುಲಿಯನ್ ಕ್ಯೂಬ್ (ಸಾರಿನ ರುಚಿಗೆ ಹಾಕೋ ಬಿಲ್ಲೆ) ಹಾಕೋದು ನಿಲ್ಲಿಸಿ, ಅದರಲ್ಲಿ ಜಾಸ್ತಿ ಇರೋದು ಉಪ್ಪೇ. ಅಂಗಡೀಲಿ ಸಿಗೋ ಲೋ ಸೋಡಿಯಂ ಉಪ್ಪು ತರೋ ಮುಂಚೆ ಡಾಕ್ಟರನ್ನ ಕೇಳಿ, ಅದರಲ್ಲಿ ಪೊಟ್ಯಾಸಿಯಂ ಇರತ್ತೆ, ಲಿಸಿನೋಪ್ರಿಲ್, ಲೊಸಾರ್ಟನ್ ಥರದ ಬಿಪಿ ಮಾತ್ರೆ ತಗೊಳ್ಳೋರಿಗೆ ರಕ್ತದಲ್ಲಿ ಪೊಟ್ಯಾಸಿಯಂ ಅಪಾಯಕಾರಿಯಾಗಿ ಏರಬಹುದು. ಹುಳಿ ಬರಿಸಿದ ಸಾಸಿವೆ ಸೊಪ್ಪು, ಝೌ ಕೌ, ತಿನ್ನೋ ಮುಂಚೆ ನೀರಲ್ಲಿ ತೊಳೆದು ಹಿಂಡಿ, ಅಂದಿನ ಖಾರಕ್ಕೆ ಫಿಶ್ ಸಾಸ್ ಹಾಕಲೇಬೇಡಿ.

ಈಗ ಅನ್ನ, ಅಂದ್ರೆ ಜಗಳದ ವಿಷಯ. ಬ್ರೌನ್ ರೈಸ್ ಹಟ ಬಿಟ್ಬಿಡಿ, ನನಗೆ ಗೊತ್ತಿರೋ ಹಿರಿಯರು ಯಾರೂ ಅದನ್ನ ಮನಸ್ಸಿಟ್ಟು ತಿಂದಿದ್ದು ನಾನು ನೋಡಿಲ್ಲ. ಬಿಳಿ ಅನ್ನ ಒಂದು ಕಪ್ ಅಂದ್ರೆ ಸುಮಾರು 45 ಗ್ರಾಂ ಕಾರ್ಬೋಹೈಡ್ರೇಟ್. ಅಂಟು ಅಕ್ಕಿ ಹಬೆಯಲ್ಲಿ ಬೇಯೋದು, ನೀರು ಕಮ್ಮಿ ಹೀರಿರತ್ತೆ, ಉಂಡೆ ಕಟ್ಟಿ ತಿಂತಾರೆ, ಹಂಗಾಗಿ ಕೈಯಲ್ಲಿ ಸ್ವಲ್ಪ ಕಂಡ್ರೂ ಪಿಷ್ಟ ಜಾಸ್ತಿ, ಮೇಲಾಗಿ ಅದು ಬೇಗ ಜೀರ್ಣ ಆಗಿ ಶುಗರ್ ಬೇಗ ಏರಿಸತ್ತೆ. ದಿನಾ ಮಾಮೂಲಿ ಅಕ್ಕಿ, ಅಂಟು ಅಕ್ಕಿ ವಾರಕ್ಕೊಂದ್ಸಲ, ಮುಷ್ಟಿ ಗಾತ್ರದ ಒಂದು ಉಂಡೆ. ಕಪ್ಪು ಅಂಟು ಅಕ್ಕಿ ಒಂದು ಹಿಡಿ ಬೆರೆಸಿ ನೇರಳೆ ಬಣ್ಣ ಬರಿಸ್ತಾರಲ್ಲ, ಚಂದ ಕಾಣತ್ತೆ, ನಾರೂ ಒಂಚೂರು ಸಿಗತ್ತೆ, ಆದ್ರೆ "ಇದು ಶುಗರ್‌ಗೆ ಒಳ್ಳೇದು" ಅಂತ ಡಬಲ್ ತಿನ್ನೋರನ್ನ ನೋಡಿದೀನಿ, ಮಿಕ್ಕಿದ್ದೆಲ್ಲಾ ಅದೇ ಬಿಳಿ ಅಂಟು ಅಕ್ಕಿ ಅಲ್ವಾ.

ಅಳತೆಗಿಂತ ಸುಲಭವಾಗಿ ಒಪ್ಪಿಸಬಹುದಾದ್ದು ತಿನ್ನೋ ಕ್ರಮ. ಮೊದಲು ಸೊಪ್ಪು ಸೊಪ್ಪಿನ ನೀರು, ಜೊತೆಗೆ ಮಾಂಸನೋ ತೋಫುನೋ, ಅನ್ನ ಕೊನೇಗೆ. ಇದೇ ಊಟ ಉಲ್ಟಾ ತಿಂದಿದ್ದಕ್ಕಿಂತ ಹೀಗೆ ತಿಂದ್ರೆ ಊಟ ಆದ್ಮೇಲಿನ ಶುಗರ್ ಕಮ್ಮಿ ಏರತ್ತೆ, ಮನೇಲಿ ಗ್ಲೂಕೋಮೀಟರ್ ಇದ್ರೆ ಎರಡು ದಿನ ಎರಡು ಥರ ತಿನ್ನಿಸಿ ಎರಡು ಗಂಟೆ ಬಿಟ್ಟು ಚುಚ್ಚಿ ತೋರಿಸಿ, ನಿಮ್ಮ ಮಾತಿಗಿಂತ ಆ ಮಷಿನ್ ಮಾತು ಅವರು ಕೇಳ್ತಾರೆ. ಅನ್ನದ ಪಾತ್ರೆ ಟೇಬಲ್ ಮೇಲಿಡ್ಬೇಡಿ, ರೈಸ್ ಕುಕ್ಕರ್ ಅಡುಗೆಕಟ್ಟೆ ಮೇಲೇ ಇರ್ಲಿ, ಸೊಪ್ಪಿನ ಪಾತ್ರೆ ಮಾತ್ರ ಟೇಬಲ್‌ಗೆ. ಆದ್ರೆ ಇನ್ಸುಲಿನ್ ತಗೋತಿದ್ರೆ ಅಥವಾ ಗ್ಲಿಪಿಝೈಡ್, ಗ್ಲಿಮೆಪಿರೈಡ್ ಥರದ ಮಾತ್ರೆ ಇದ್ರೆ ಅನ್ನ ದಿಢೀರ್ ಇಳಿಸೋ ಮುಂಚೆ ಡಾಕ್ಟರ್‌ಗೆ ತಿಳಿಸಿ, ಶುಗರ್ ಲೋ ಆಗಿ ತಲೆ ಸುತ್ತಿ ಬಿದ್ರೆ ಕಷ್ಟ.

ಕೋಳಿ ಸಾರು ನಿಮಗೂ ತಿನ್ನಕ್ಕಾಗೋದರಿಂದ ಅದನ್ನ ಚೆನ್ನಾಗಿ ಕಲೀರಿ. ಹ್ಮಾಂಗ್ ಬಾಣಂತಿಯರಿಗೆ ಒಂದು ತಿಂಗಳು ಕೊಡೋದು ಇದನ್ನೇ, ಮೂಲಿಕೆ ಸೊಪ್ಪು ಹಾಕಿ ಬೇಯಿಸಿದ ಕೋಳಿ, ಬಿಸಿ ಅನ್ನ, ಬಿಸಿ ನೀರು, ತಣ್ಣಗಿನದ್ದು ಏನೂ ಇಲ್ಲ. ಕೋಮೋ ಅವೆನ್ಯೂದ ಹ್ಮಾಂಗ್‌ಟೌನ್ ಮಾರ್ಕೆಟ್‌ಪ್ಲೇಸಲ್ಲಿ, ಜಾನ್ಸನ್ ಪಾರ್ಕ್‌ವೇಯ ಹ್ಮಾಂಗ್ ವಿಲೇಜಲ್ಲಿ ಈ ಸೊಪ್ಪುಗಳ ಕಟ್ಟು ಕೇಳಿದ್ರೆ ಕೊಡ್ತಾರೆ, ಬೇಸಿಗೇಲಿ ಸೇಂಟ್ ಪಾಲ್ ಫಾರ್ಮರ್ಸ್ ಮಾರ್ಕೆಟಲ್ಲೂ ಹ್ಮಾಂಗ್ ರೈತರೇ ಎಷ್ಟೋ ಜನ ಕೂತಿರ್ತಾರೆ. ಅತ್ತೆಯನ್ನ ಕರ್ಕೊಂಡು ಹೋಗಿ, ಮಂಡಿ ನೋವಿದ್ರೂ ಕುರ್ಚಿ ಹಾಕಿ ಕೂರಿಸಿದ್ರೆ ಯಾವ ಎಲೆ ಯಾವುದಕ್ಕೆ ಅಂತ ಅವರೇ ಆರಿಸಿ ಕೊಡ್ತಾರೆ. ಕೋಳಿ ಚರ್ಮ ತೆಗೆದು ಬೇಯಿಸಿ, ಮಜ್ಜಿಗೆ ಹುಲ್ಲು, ಕಾಳುಮೆಣಸು, ಉಪ್ಪು ಕೊನೇಲಿ ಅರ್ಧ ಟೀ ಚಮಚ ಇಡೀ ಪಾತ್ರೆಗೆ, ಸೊಪ್ಪು ಇಳಿಸೋ ಮುಂಚೆ ಹಾಕಿ. ಇಲ್ಲೂ ಮಾವಂಗೆ ಸಾರು ಸಣ್ಣ ಬಟ್ಟಲು, ನೋವು ಬಂದಿರೋ ವಾರ ಸಾರೇ ಬೇಡ. ಕಿಡ್ನಿ ತೊಂದರೆ ಇದ್ರೆ ಔಷಧಿ ಬೇರುಗಳನ್ನ ಒಣಗಿಸಿ ಮಾರ್ತಾರಲ್ಲ, ಅದು ಹಾಕೋ ಮುಂಚೆ ಡಾಕ್ಟರ್‌ಗೆ ತೋರಿಸಿ.

ಲಾಬ್, ಅಂದ್ರೆ ಕೊಚ್ಚಿದ ಮಾಂಸಕ್ಕೆ ನಿಂಬೆರಸ, ಸೊಪ್ಪು ಬೆರೆಸೋ ಅಡುಗೆ, ಮಾಡೋದಾದ್ರೆ ಹಸಿ ಮಾಂಸದ್ದು ಬೇಡ, ಮಾವ ಕೇಳಿದ್ರೂ ಬೇಡ, ಪರಾವಲಂಬಿ ಹುಳು, ಬ್ಯಾಕ್ಟೀರಿಯಾ ಎರಡರ ಭಯಾನೂ ಇದೆ, ಶುಗರ್ ಇರೋರಿಗೆ ಇನ್ಫೆಕ್ಷನ್ ಬೇಗ ತಗಲತ್ತೆ. ಕೋಳಿ ಎದೆಭಾಗ ಕೊಚ್ಚಿ ಒಂದೆರಡು ಚಮಚ ನೀರಲ್ಲೇ ಬಾಡಿಸಿ ಪೂರ್ತಿ ಬೇಯಿಸಿ, ಆರಿದ ಮೇಲೆ ನಿಂಬೆರಸ, ಪುದೀನ, ಕೊತ್ತಂಬರಿ, ಈರುಳ್ಳಿ ಸೊಪ್ಪು, ಹುರಿದು ಪುಡಿ ಮಾಡಿದ ಅಕ್ಕಿ. ಅಕ್ಕಿಯನ್ನ ಬಾಣಲೇಲಿ ಸಣ್ಣ ಉರಿಯಲ್ಲಿ ಕಡುಕಂದು ಬರೋ ತನಕ ಹುರೀಬೇಕು, ಹೊಂಬಣ್ಣಕ್ಕೇ ನಿಲ್ಲಿಸಿದ್ರೆ ಘಮ ಕಮ್ಮಿ. ಅನ್ನದ ಬದಲು ಎಲೆಕೋಸಿನ ಎಲೇಲಿ ಸುತ್ತಿ ತಿನ್ನಕ್ಕೆ ಕೊಡಿ. ಇದು ನಿಮ್ಮ ಮನೇಲಿ ಎಲ್ಲರೂ ಒಟ್ಟಿಗೆ ತಿನ್ನೋ ಊಟ ಆಗಬಹುದು.

ಖೌ ಪೂಂಗ್, ತೆಂಗಿನಹಾಲಿನ ಆ ಕೆಂಪು ನೂಡಲ್ ಸಾರು, ಹಬ್ಬಕ್ಕೇ ಇರ್ಲಿ. ಮನೇಲಿ ಮಾಡಿದಾಗ ತೆಂಗಿನಹಾಲು ಅರ್ಧ ಮಾಡಿ, ಎಲೆಕೋಸು, ಕಳಲೆ, ಬಾಳೆಹೂವು, ಮೊಳಕೆಕಾಳು ಬಟ್ಟಲ ತುಂಬ ಹಾಕಿ ನೂಡಲ್ಸ್ ಮೇಲೆ ಒಂದು ಹಿಡಿ. ಎಗ್ ರೋಲ್ (ಒಳಗೆ ಹೂರಣ ಸುತ್ತಿ ಕರಿಯೋ ರೋಲ್) ಏರ್ ಫ್ರೈಯರಲ್ಲಿ ಮಾಡ್ಲಾ ಅಂತ ತುಂಬಾ ಜನ ಕೇಳ್ತಾರೆ, ಮಾಡಿ, ಆದ್ರೆ ನನ್ನ ಕೇಳಿದ್ರೆ ವರ್ಷಕ್ಕೆ ನಾಲ್ಕು ಸಲ ಸರಿಯಾಗಿ ಕರಿದು ಎರಡು ತಿನ್ನೋದೇ ವಾಸಿ, ಏರ್ ಫ್ರೈಯರ್ ಧೈರ್ಯದಲ್ಲಿ ವಾರ ವಾರ ಆರು ತಿನ್ನೋದಕ್ಕಿಂತ. ಪಪ್ಪಾಯಿಕಾಯಿ ಸಲಾಡ್ ತರಕಾರಿ ಅಂತ ಮೋಸ ಹೋಗ್ಬೇಡಿ, ಅಂಗಡೀದು ಫಿಶ್ ಸಾಸ್, ಸಕ್ಕರೆ, ಸೀಗಡಿ ಪೇಸ್ಟ್ ಎಲ್ಲಾ ಸೇರಿ ಬರತ್ತೆ, ಕಣ್ಣೆದುರೇ ಕುಟ್ಟಿ ಕೊಡ್ತಾರಲ್ಲ, ಸಾಸ್ ಕಮ್ಮಿ ಸಕ್ಕರೆ ಬೇಡ ಅಂತ ಹೇಳಿದ್ರೆ ಆಯ್ತು. ಸೌತೆಕಾಯಿ ಕೆರೆದು ಸಕ್ಕರೆ ಐಸ್ ಹಾಕಿ ಕುಡಿಯೋ ಪಾನೀಯಕ್ಕೆ ಸಕ್ಕರೆ ಬಿಟ್ಟು ನಿಂಬೆ ಹಿಂಡಿ, ಸೋಡಾ ಜಾಗಕ್ಕೆ ಅದು.

ಶಾಸ್ತ್ರ, ಮದುವೆ, ಹೊಸ ವರ್ಷದ ಊಟಗಳಲ್ಲಿ ಮಾವನ್ನ ಕಾಯಕ್ಕೆ ಹೋಗ್ಬೇಡಿ, ಹಿರಿಯರು ಅಲ್ಲಿ ತಿನ್ನದೇ ಇದ್ರೆ ಅವಮಾನ ಮಾಡಿದಂಗೆ. ನೀವು ನೋಡಬೇಕಾದ್ದು ಮನೆಗೆ ಕಟ್ಟಿಕೊಡೋ ಮಾಂಸದ ಚೀಲಗಳನ್ನ. ಅದೇ ರಾತ್ರಿ ಸಣ್ಣ ಸಣ್ಣ ಪೊಟ್ಟಣ ಮಾಡಿ ಫ್ರೀಜರ್‌ಗೆ ಹಾಕಿಬಿಡಿ, ಇಲ್ಲಾಂದ್ರೆ ಹಬ್ಬ ಒಂದು ದಿನದ್ದು ವಾರ ಪೂರ್ತಿ ನಡೆಯತ್ತೆ.

ಕೊನೇದಾಗಿ, ನೀವು ಹಂದಿ ತಿನ್ನದೇ ಅದನ್ನ ಬೇಯಿಸೋದು ಹೇಗೆ ಅನ್ನೋ ವಿಷಯ. ರುಚಿ ನೋಡೋ ಅಗತ್ಯಾನೇ ಇಲ್ಲ, ಉಪ್ಪು ಅಳತೆ ಮಾಡಿ ಹಾಕ್ತಿದೀರಲ್ಲ, ಮಿಕ್ಕಿದ್ದನ್ನ ಖಾರದ ಬಟ್ಟಲು ನೋಡ್ಕೊಳ್ಳತ್ತೆ, ಬೆಂದಿದ್ಯಾ ಅಂತ ಥರ್ಮಾಮೀಟರ್ ಚುಚ್ಚಿ ನೋಡಿ, ಇಡೀ ತುಂಡಿಗೆ 145 ಫ್ಯಾರನ್‌ಹೀಟ್, ಕೊಚ್ಚಿದ್ದಕ್ಕೆ 160, ಕೋಳಿಗೆ 165. ಆದ್ರೆ ಭುಜದ ಭಾಗ ಮೆತ್ತಗಾಗಕ್ಕೆ ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ನಿಮಗೆ ಅಂತ ಬೇರೆ ಅಡುಗೆ ಇಟ್ಕೋಬೇಡಿ, ಅದೇ ಸೊಪ್ಪಿನ ನೀರಿಗೆ ಗಟ್ಟಿ ತೋಫು ಹೋಳು ಹಾಕಿ ಕುದಿಸಿದ್ರೆ ನಿಮ್ಮ ಬಟ್ಟಲು ರೆಡಿ, ಅದನ್ನೇ ವಾರಕ್ಕೆ ಎರಡು ದಿನ ಮಾವನಿಗೂ ಹಾಕಿ. ತೋಫು ಹ್ಮಾಂಗ್ ಮನೆಗೆ ಹೊಸದೇನಲ್ಲ, ಕೆಲವು ಅಜ್ಜಿಯರು ಸೋಯಾಕಾಳು ನೆನೆಸಿ ಅರೆದು ಮನೇಲೇ ಮಾಡ್ತಾರೆ, ಅತ್ತೆಗೆ ಬರತ್ತಾ ಕೇಳಿ ನೋಡಿ.